ಮೂರ್ಛೆಗೆ ನಮ್ಮ ಮನೆ ಕೀಲಿಕೈ

ಇನ್ನೊಬ್ಬರ ತಪ್ಪು ತಿಳಿವಳಿಕೆಯನ್ನು ತಿದ್ದುವ ಚಟ ನಶ್ಯದ ಚಟಕ್ಕಿಂತ ಕೆಟ್ಟದ್ದು. ನಶ್ಯ ಏರಿಸಿದವನು ತಾನೊಬ್ಬನೇ ಸೀನುತ್ತಾನೆ. ತಿದ್ದುವವನು ಸುತ್ತ ಇದ್ದವರನ್ನೆಲ್ಲ ಗೋಳಾಡಿಸುತ್ತಾನೆ. ಬೇಲಾಪುರದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ‘ಗ್ರಹಣದಲ್ಲಿ ಅಡುಗೆ ವಿಷವಾಗುತ್ತೆ’ ಅಂದರೆ ನನಗೆ ಚಪಾತಿ ಗಂಟಲಲ್ಲಿ ಇಳಿಯುವುದಿಲ್ಲ. ಗ್ರಹಣವೆಂದರೆ ಬರೀ ನೆರಳು ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಎದುರಿನವರು ಕೈ ತೊಳೆದು ಹೋಗಿರುತ್ತಾರೆ. ನೆರೂಳದ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದೂ ಇದಕ್ಕೇ. ಬಾವಲಿ ಕುರುಡಲ್ಲ, ಅದಕ್ಕೆ ಚೆನ್ನಾಗಿ ಕಣ್ಣು ಕಾಣುತ್ತದೆ ಎಂದು ಸೆಕ್ರೆಟರಿಯವರಿಗೆ ಸಾಬೀತುಮಾಡಲು ಹೊರಟಿದ್ದೆ. ಮನೆಯಲ್ಲಂತೂ ನಾನು ಬಾಯಿ ತೆರೆದ ಕೂಡಲೇ ಹೆಂಡತಿ ವಿಮಲಾ ಮಿಕ್ಸಿ ಹಾಕುತ್ತಾಳೆ.

ಇಂಥವನನ್ನು ಡೊಂಬಿವಲಿಯ ಕನ್ನಡ ಸಂಘವೊಂದು ಭಾನುವಾರ ಮಧ್ಯಾಹ್ನ ‘ವಿಜ್ಞಾನ ಮತ್ತು ಮೂಢನಂಬಿಕೆ’ ಕುರಿತು ಮಾತನಾಡಲು ಕರೆದರೆ ಬಿಟ್ಟೇನೆಯೇ? ವಿಮಲಾಳನ್ನೂ ಕರೆದುಕೊಂಡು ಹೋದೆ. ಮೊದಲೇ ಶಾಲು ಹೊದಿಸಿ ಕೂರಿಸಿದರು. ಸಂಘದ ಕಾರ್ಯದರ್ಶಿ ಉಡುಪಿ ಕಡೆಯ ಸುಮತಿಯವರು. ಪ್ರಾರ್ಥನೆ ಹಾಡಿದ್ದು ಕಾಲೇಜಿಗೆ ಹೋಗುವ ಅವರ ಮಗಳು ಅಪೇಕ್ಷಾ. ಹಾಡಿ ಬಂದು ಅಮ್ಮನ ಪಕ್ಕ ಮೊದಲ ಸಾಲಿನಲ್ಲಿ ಕುಳಿತಿದ್ದಳು. ನಾನು ಬಾವಲಿಯ ಕಣ್ಣಿಗೆ ಬಂದಿದ್ದೆನಷ್ಟೆ, ಹುಡುಗಿ ಕುರ್ಚಿಯಿಂದ ಉರುಳಿ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿತು.

ಸಭೆಗೆ ಸಭೆಯೇ ಮೇಲೆ ಬಿತ್ತು. ಫಿಟ್ಸ್ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ನನಗೆ ಬಾಯಿಪಾಠ. ಆದರೆ ಕಾಲು ಕಿತ್ತಿಡಲಾಗಲಿಲ್ಲ. ಕೈಯಲ್ಲಿ ಮೈಕು ಹಿಡಿದುಕೊಂಡು, “ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ” ಎಂದು ಧ್ವನಿವರ್ಧಕದಲ್ಲಿ ಕೂಗುತ್ತ ನಿಂತೆ. ಭಾಷಣ ಮುಂದುವರಿಯುತ್ತಿದೆ ಎಂದುಕೊಂಡರೋ ಏನೋ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಧಾರವಾಡದ ಹಿರಿಯರೊಬ್ಬರು ಉಪ್ಪಿಟ್ಟಿನ ತಟ್ಟೆಯಿಂದ ಸ್ಟೀಲ್ ಚಮಚ ಎತ್ತಿಕೊಂಡು, “ನಾಲಗಿ ನುಂಗಿಬಿಡ್ತಾಳ್ರೀ! ಹಲ್ಲಿನ ನಡುವ ಚಮಚಾ ಇಡ್ರಿ!” ಎನ್ನುತ್ತ ಅವಳ ಬಾಯಿಯ ಹತ್ತಿರ ಬಗ್ಗಿದರು.

ನಾಲಗೆಯನ್ನು ಯಾರೂ ನುಂಗಲಾರರು. ಚಮಚ ತುರುಕಿದರೆ ಹಲ್ಲು ಮುರಿದು ಉಸಿರಿಗೆ ಅಡ್ಡ ಬಂದೀತು. ನನಗೆ ಎಷ್ಟು ಹೆದರಿಕೆಯಾಯಿತೆಂದರೆ ವೇದಿಕೆಯಿಂದ ಹೇಗೆ ಹಾರಿದೆನೋ ತಿಳಿಯದು. ಚಮಚ ಕಿತ್ತುಕೊಂಡೆ, ಕುರ್ಚಿಗಳನ್ನು ಸರಿಸಿದೆ, ಸನ್ಮಾನದ ಶಾಲು ಮಡಿಚಿ ಅವಳ ತಲೆಯಡಿಗೆ ಇಟ್ಟೆ, ಒಂದು ಮಗ್ಗುಲಿಗೆ ತಿರುಗಿಸಿ ಗಡಿಯಾರ ನೋಡುತ್ತ ಕುಳಿತೆ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆ. “ಕೈ ಗಟ್ಟಿ ಹಿಡೀರಿ” ಎಂದು ಒಬ್ಬರು, “ಚಪ್ಪಲಿ ಮೂಸಿಸಿ” ಎಂದು ಇನ್ನೊಬ್ಬರು, “ಲೋಖಂಡದ ಚಾವಿ ಕೊಡಿ, ಕಬ್ಬಿಣ ಹಿಡಿದರೆ ನಿಲ್ಲುತ್ತೆ” ಎಂದು ಎಲ್ಲರೂ. ಎಲ್ಲವನ್ನೂ ತಡೆದೆ. ಆದರೆ ಹಿಂದಿನಿಂದ ಒಂದು ಬಳೆಯ ಕೈ ಬಂದು ನಮ್ಮ ಮನೆಯ ಕೀಲಿಕೈಯನ್ನು ಅಪೇಕ್ಷಾಳ ಅಂಗೈಯಲ್ಲಿಟ್ಟಿತು. ನೋಡಿದರೆ ವಿಮಲಾ! ಆ ಕ್ಷಣಕ್ಕೇ ಹುಡುಗಿಯ ಕೈಕಾಲು ಅದುರುವುದು ನಿಂತಿತು.

“ಕಂಡಿರಾ!” ಎಂದಿತು ಸಭೆ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ, ಕಡೆಯಲ್ಲಿ ಬಂದ ಕೀಲಿಕೈ ಹೆಸರು ಹೊಡೆದುಕೊಂಡಿತು ಎಂದೆ. ಸ್ಟೇಶನ್ನಿನಲ್ಲಿ ನಿಲ್ಲಲೇಬೇಕಾದ ಲೋಕಲ್ ರೈಲಿಗೆ ಕೈ ಅಡ್ಡ ಹಿಡಿದು ನಾನೇ ನಿಲ್ಲಿಸಿದೆ ಅಂದ ಹಾಗೆ ಎಂದೂ ಹೇಳಿದೆ. ಕೇಳುವವರು ಯಾರು? ಹುಡುಗಿ ಕಣ್ಣು ಬಿಟ್ಟು, “ಮಮ್ಮೀ, ಕ್ಯಾ ಹುವಾ?” ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಸುಮತಿಯವರು ಅಳುತ್ತಲೇ ಹೇಳಿದರು: “ಎರಡು ವರ್ಷದಿಂದ ಬರ್ಲೇ ಇಲ್ಲ ಅಂತ ನಾವೇ ಮಾತ್ರೆ ನಿಲ್ಸಿದ್ದು ಸಾರ್. ಗುಣ ಆದ್ಮೇಲೆ ಮದ್ದು ಎಂತಕ್ಕೆ ಅಂತ.” ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದಲೇ ಬಂದಿರಲಿಲ್ಲ, ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು ಎಂದು ತಿಳಿಹೇಳಿ, ಅವರನ್ನು ಡಾಕ್ಟರ ಬಳಿಗೆ ಕಳಿಸಿ, ನಾವು ಠಾಣೆಯಲ್ಲಿ ರೈಲು ಬದಲಿಸಿ ನೆರೂಳಕ್ಕೆ ಬಂದೆವು.

ಬಾಗಿಲ ಮುಂದೆ ನಿಂತಾಗ ನೆನಪಾಯಿತು. ಕೀಲಿಕೈ ಡೊಂಬಿವಲಿಯಲ್ಲಿ! ಫೋನು ಮಾಡಿದೆ.

“ಚಾವಿ ಅವಳ ದಿಂಬಿನಡಿ ಉಂಟು ಸಾರ್,” ಎಂದರು ಸುಮತಿಯವರು. “ಡಾಕ್ಟ್ರು ಮಾತ್ರೆ ಮತ್ತೆ ಶುರು ಮಾಡಿ ಅಂತ ಬೈದು ಕಳಿಸಿದ್ರು. ಆದ್ರೆ ನಮ್ಮ ಅತ್ತೆ ಹೇಳ್ತಾರೆ, ಇಷ್ಟು ಒಳ್ಳೆ ಚಾವಿ ಇರುವಾಗ ಮಾತ್ರೆ ಎಂತಕ್ಕೆ ಅಂತ.”

ಸಭೆಯಲ್ಲಿ ಅಷ್ಟು ಕಿರುಚಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು. ಮೊದಲಿಂದ ವಿವರಿಸಲು ಉಸಿರೆಳೆದುಕೊಂಡೆ. ಆಮೇಲೆ ಏನನ್ನಿಸಿತೋ, ದನಿ ತಗ್ಗಿಸಿ ಹೇಳಿದೆ: “ನೋಡಿ ಸುಮತಿಯವರೇ, ಆ ಚಾವಿಗೆ ಒಂದು ಪಥ್ಯ ಇದೆ. ಡಾಕ್ಟರು ಕೊಟ್ಟ ಮಾತ್ರೆ ಒಂದು ಹೊತ್ತು ತಪ್ಪಿದರೂ ಅದು ಕೆಲಸ ಮಾಡೋದಿಲ್ಲ.”

“ಹೌದಾ ಸಾರ್? ಸೈನ್ಸ್ ಓದಿದ ನೀವೇ ಹೇಳಿದ ಮೇಲೆ ಮುಗೀತು. ಈಗ್ಲೇ ನುಂಗಿಸ್ತೇನೆ.”

ಬೀಗ ತೆಗೆಯುವವನು ಬಂದು, “ಚಾವಿ ಕಿಧರ್ ಗಯೀ?” ಎಂದು ಕೇಳಿದ.

“ಡೊಂಬಿವಲಿ ಮೇ ಡ್ಯೂಟಿ ಪೇ ಹೈ,” ಎಂದಳು ವಿಮಲಾ.

ನಾನು ತಿದ್ದಲಿಲ್ಲ.