ನಮ್ಮ ವಾಡಿಗೆ ಗಂಗವ್ವ ನಡೆದು ಬಂದದ್ದು

ಬರ್ರಿ, ಕೂಡ್ರಿ. ಆ ಚಾಪೆ ಸ್ವಲ್ಪ ಈ ಕಡೆ ಎಳಕೊಂಡು ಗೋಡೆಗೆ ಬೆನ್ನು ಹಚ್ಚಿರಿ. ಅವಲಕ್ಕಿ ತಿನ್ನೋರು ಮೊದಲು ತಿಂದು ಮುಗಿಸಿರಿ. ನಡುವ ನಗು ಬಂತಂದ್ರ ಎದುರಿಗೆ ಕೂತವರ ಮೈಮೇಲೆ ಹಾರತಾವ, ಆಮೇಲೆ ನನಗ ಅನಬ್ಯಾಡ್ರಿ.

ದೊಡ್ಡ ಊರಿನೊಳಗ ಸರಕಾರ ಸುಮ್ಮನೆ ಬರ್ತದ, ಸುಮ್ಮನೆ ಹೋಗ್ತದ. ನಮ್ಮಂಥ ಸಣ್ಣ ವಾಡಿಗೆ ಬಂತಂದ್ರ ಏನರೆ ಒಂದು ಆಗದೆ ಹೋಗ್ತಿರಲಿಲ್ಲ. ಬಿಬವೇವಾಡಿ ದಾಟಿ ಕಾತ್ರಜದ ಕಡೆ ಹೊಂಟರೆ ನಮ್ಮ ವಾಡಿ. ಪುಣೆ ಅಂದ್ರ ಪುಣೆ ಅಲ್ಲ, ಹಳ್ಳಿ ಅಂದ್ರ ಹಳ್ಳಿ ಅಲ್ಲ. ಆಗಿನ್ನೂ ಇಂಗ್ರೇಜರ ರಾಜ್ಯ. ನಮ್ಮ ಮಾವನವರು ವಿಜಾಪುರದ ಕಡೆಯಿಂದ ಬಂದು ಅಲ್ಲೊಂದು ಕಿರಾಣಿ ಅಂಗಡಿ ಇಟ್ಟಿದ್ರು. ನಮ್ಮವರು ಸೈಕಲ್ ಹತ್ತಿ ಪುಣೆಯೊಳಗ ಕಚೇರಿ ಕಾರಕೂನಿಕೆಗೆ ಹೋಗ್ತಿದ್ರು. ನಾನು ಹೊಸ ಸೊಸೆ. ನಮ್ಮ ಅತ್ತೆಯವರ ಬಗ್ಗೆ ಈಗೇ ಹೇಳೂದಿಲ್ಲ, ಹೇಳಿದರ ಕಥೆಯೆಲ್ಲ ಅಲ್ಲೇ ಮುಗದು ಹೋಗ್ತದ.

ಡಂಗುರದವನ ಸುದ್ದಿ

ಆಗ ಪಂಚಾಯತಿ ಸುದ್ದಿ ಪೇಪರಿನೊಳಗ ಬರ್ತಿರಲಿಲ್ಲ, ಹಲಗೆ ಮೇಲೆ ಬರ್ತಿತ್ತು. ಡಂಗುರದವ ಓಣಿಯ ತುದಿಗೆ ನಿಂತು ಹಲಗೆ ಬಡದು ಮರಾಠಿಯೊಳಗ ಕೂಗತಿದ್ದ. ಒಂದೇ ಉಸುರಿನೊಳಗ ಊರಿನದೂ ಹೇಳ್ತಿದ್ದ, ಮನೆಯದೂ ಹೇಳ್ತಿದ್ದ. "ನಾಳೆ ಪಂಚಾಯತಿ ಸಭೆ ಅದ, ತಪ್ಪಿಸಿಕೊಂಡ ಎಮ್ಮೆ ಕೊಂಡವಾಡದಾಗ ಅದ, ಸಿಡುಬಿನ ದೇವಿ ಹಾಕೋ ಡಾಕ್ಟರ ಬರ್ತಾರ, ನನ್ನ ಮಗಳಿಗೆ ಗಂಡು ನೋಡಲಿಕ್ಕ ಹತ್ತೀನಿ." ಅವನ ಮೂಲ ಸೋಲಾಪುರದ ಕಡೆ, ಕನ್ನಡ ಬರ್ತಿತ್ತು. ಅದಕ್ಕ ನಮ್ಮ ಬಾಗಿಲ ಮುಂದ ನಿಂತು ಅತ್ತೆಯವರಿಗೆ ಕನ್ನಡದೊಳಗ ಇನ್ನೊಮ್ಮೆ ಹೇಳಿ ಹೋಗ್ತಿದ್ದ. ಅತ್ತೆಯವರಿಗೆ ಮರಾಠಿ ನಮ್ಮೆಲ್ಲರಕಿಂತ ಛಲೋ ತಿಳಿತಿತ್ತು. ಆದ್ರ ಎರಡು ಸಲ ಕೇಳಿದ್ರ ಸುದ್ದಿ ಗಟ್ಟಿ ಆಗ್ತದ ಅನ್ನೋರು.

ಒಂದು ದಿವಸ ಬಂದು, "ಆಯಿ, ವಾಡಿಗೆ ನಳ ಬರ್ತದಂತ" ಅಂದ.

"ನೀರು ಎಲ್ಲಿಂದ?"

"ಕಾತ್ರಜದ ಕೆರಿಯಿಂದ. ಕಬ್ಬಿಣದ ಪೈಪಿನೊಳಗ, ನೆಲದ ಬುಡಕ ನಡಕೊಂತ ಬರ್ತದ."

ಅತ್ತೆಯವರು ಕೈಯಾಗಿನ ಅಕ್ಕಿ ಮೊರ ಕೆಳಗಿಟ್ಟರು. ನಾನೂ ಬಾಗಿಲ ಸಂದಿಯೊಳಗ ನಿಂತು ಬಾಯಿ ತಕ್ಕೊಂಡು ಕೇಳಿದೆ. ಕೆರೆ ಅಂದ್ರ ನಮಗ ಹೋಗಿ ನೋಡೋ ವಸ್ತು. ಅದು ನಮ್ಮನ್ನ ನೋಡಲಿಕ್ಕ ಬರ್ತದ ಅಂದ್ರ ಮೈಮೇಲೆ ಮುಳ್ಳೆದ್ದವು.

"ನೆಲದ ಬುಡಕ ಕತ್ತಲಿ ಇರ್ತದಲ್ಲೋ. ದಾರಿ ಹೆಂಗ ಕಾಣ್ತದ ಅದಕ್ಕ?" ಅಂದ್ರು ಅತ್ತೆಯವರು.

ಡಂಗುರದವ ತಲೆ ಕೆರಕೊಂಡ. "ಅದಕ್ಕ ಇರಬೇಕು ಆಯಿ, ಪಂಚಾಯತಿಯವರು ಮೊದಲ ದೀಪದ ಕಂಬ ಹಾಕಸಲಿಕ್ಕ ಹತ್ತ್ಯಾರ."

ಕಂಬದ ಮೇಲಿನ ದೀಪ

ಖರೇನೇ ಮೊದಲು ಕಂಬ ಬಂತು. ಓಣಿ ಮೂಲೆಗೆ ನಿಲ್ಲಿಸಿ, ಮೇಲೊಂದು ಗಾಜಿನ ಪೆಟ್ಟಿಗೆ ಕೂಡ್ರಿಸಿದ್ರು. ಸಂಜೆ ಆತಂದ್ರ ಒಬ್ಬ ನಿಚ್ಚಣಿಕೆ ಹೊತಗೊಂಡು ಬಂದು ಹತ್ತಿ, ಚಿಮಣಿ ಎಣ್ಣೆ ದೀಪ ಹಚ್ಚಬೇಕು.

ಮೊದಲನೇ ಸಂಜೆ ಓಣಿಯೆಲ್ಲಾ ಹೊರಗ ನಿಂತಿತ್ತು. ದೀಪ ಹತ್ತಿತು. ಮನೆಯೊಳಗಿನ ದೀಪ ಮನೆಯಷ್ಟೇ ತೋರಸ್ತದ. ಈ ದೀಪ ಎದುರು ಮನೆ ಬಾಗಿಲು, ಅದರ ಮುಂದಿನ ರಂಗೋಲಿ, ಬೇಲಿ ಮೇಲಿನ ಬೆಕ್ಕು, ಎಲ್ಲಾ ಒಮ್ಮೆಲೆ ತೋರಿಸಿತು. ಆಮೇಲೆ ದೀಪ ಹಚ್ಚಿದಾಗ ಮನೆಯೊಳಗ ಮಾಡೂದನ್ನೇ ಬೀದಿಯೊಳಗ ಮಾಡಿದೆವು. ದೀಪಕ್ಕ ಕೈ ಮುಗದೆವು, ಸಣ್ಣವರು ದೊಡ್ಡವರ ಕಾಲಿಗೆ ಬಿದ್ದೆವು. ಮನೆಯೊಳಗಾದ್ರ ಯಾರು ದೊಡ್ಡವರು ಅಂತ ಗೊತ್ತಿರ್ತದ. ಬೀದಿಯೊಳಗ ಯಾರಿಗೆ ಯಾರು ದೊಡ್ಡವರು? ಎಲ್ಲಾರೂ ಎಲ್ಲಾರ ಕಾಲಿಗೂ ಬಿದ್ದೆವು.

ಅದೇ ಹೊತ್ತಿಗೆ ಪಂಚಾಯತಿ ಹಿರಿಯರು, ಸರಪಂಚರು, ಕಂಬ ನೋಡಲಿಕ್ಕ ಬಂದ್ರು. ನೋಡತಾರ, ಇಡೀ ಓಣಿ ನೆಲಕ್ಕ ಬಗ್ಗೇದ. ದೀಪ ಹಾಕಿಸಿದ ಉಪಕಾರಕ್ಕ ತಮಗೇ ನಮಸ್ಕಾರ ಅಂತ ತಿಳಕೊಂಡ್ರು. ಕಣ್ಣೊಳಗ ನೀರು ತಂದುಕೊಂಡು ಒಂದು ತುದಿಯಿಂದ ಎಲ್ಲಾರ ತಲೆ ಮೇಲೂ ಕೈಯಿಟ್ಟು, "ಅಷ್ಟಪುತ್ರ ಸೌಭಾಗ್ಯವತೀ ಭವ" ಅನಕೋತ ನಡದ್ರು. ನಮ್ಮ ಮಾವನವರು ಗದ್ದಲದೊಳಗ ಕಳೆದ ಚಪ್ಪಲಿ ಬಗ್ಗಿ ಹುಡುಕಲಿಕ್ಕ ಹತ್ತಿದ್ರು. ಅವರಿಗೂ ಆ ಆಶೀರ್ವಾದ ಆತು.

ಅತ್ತೆಯವರು ಮನೆಗೆ ಬಂದು ಮಾವನವರಿಗೆ, "ಎಂಟು ಮಕ್ಕಳಂತ. ಹಡೀರಿನ್ನ" ಅಂದ್ರು.

ನಳದ ಗಂಟಲು

ಈಗ ನನ್ನ ಕಷ್ಟ ಹೇಳ್ತೀನಿ. ಕುಡಿಯೋ ನೀರಿನ ಬಾವಿ ಹಳ್ಳದ ದಂಡೆಯೊಳಗಿತ್ತು. ಇಳಿಯೋದು ಸುಲಭ, ತುಂಬಿದ ಕೊಡ ಹೊತ್ತು ಏರೋದು ಜೀವಕ್ಕ ಬರ್ತಿತ್ತು. ನಾನು ಆಗ ಬಸುರಿ, ಚೊಚ್ಚಲ. ಓಣಿ ಹೆಂಗಸರು ನನ್ನ ನೋಡಿ, "ಎರಡು ಜೀವ, ಎರಡು ಕೊಡ. ಒಂದರೆ ಕಡಿಮಿ ಮಾಡವಾ" ಅನ್ನೋರು. ನಳ ಬರೋ ಸುದ್ದಿ ಕೇಳಿದಾಗಿನಿಂದ ನನಗ ಅದೊಂದೇ ಧ್ಯಾನ. ನಮ್ಮ ಬಾಗಿಲದಿಂದ ಕೂಗಳತೆಯೂ ಇಲ್ಲ, ಕಂಬದ ಮಗ್ಗಲಿಗೇ ನಳ.

ನಳ ಕೂಡ್ರಿಸಲಿಕ್ಕ ಬಂದ ಮಿಸ್ತ್ರಿ ಭಾಳ ಹುರುಪಿನವ. ನೀರು ಹೆಂಗ ನಿಲ್ಲತದ, ಹೆಂಗ ಬಿಡ್ತದ ಅಂತ ಅತ್ತೆಯವರು ಕೇಳಿದ್ದೇ ತಡ, ತಿರುಪು ಬಿಚ್ಚಿ ಒಳಗಿನದೆಲ್ಲ ತೆಗೆದು ಅಂಗೈಮೇಲೆ ಇಟ್ಟು ತೋರಿಸಿದ.

"ಈ ದುಂಡಗಿಂದು ಏನು?"

"ವಾಶರ್ ಆಯಿ. ಇದು ಕೂತ್ರ ನೀರು ನಿಲ್ಲತದ."

"ಎದರದು?"

"ಚರ್ಮದ್ದು."

ಅಲ್ಲಿಗೆ ಮುಗೀತು. ಅತ್ತೆಯವರು ನಿಂತ ಹೆಜ್ಜೆಯಲ್ಲೇ ತಿರುಗಿ ಮನೆಗೆ ಬಂದು ಸಾರಿದ್ರು: ಆ ನೀರು ನಮ್ಮ ಹೊಸ್ತಿಲು ದಾಟೂದಿಲ್ಲ. ದೇವರಿಗಿಲ್ಲ, ಅಡಿಗಿಗಿಲ್ಲ, ಬಾಯಿಗಿಲ್ಲ.

ನನಗ ಮತ್ತ ಅದೇ ಹಳ್ಳದ ಏರು. ಮಾವನವರು ನನ್ನ ಮಾರಿ ನೋಡಿ ಮೆಲ್ಲಗೆ ಅಂದ್ರು, "ಅಲ್ಲಾ, ನಮ್ಮ ಬಾವ್ಯಾಗ ತೋಟದವ ದಿನಾ ಮೋಟ ಇಳಿಬಿಟ್ಟು ನೀರೆತ್ತತಾನ. ಅದು ಇಡೀ ಎಮ್ಮಿ ಚರ್ಮದ ಚೀಲ. ಇದು ಬೆರಳ ಉಗುರಿನಷ್ಟು."

"ಮೋಟ ಇಳೀತದ, ಏರತದ, ತನ್ನ ಕೆಲಸಾ ಮಾಡಿ ಹೋಗ್ತದ. ಇದು ನಳದ ಗಂಟಲದಾಗ ಸಂಸಾರ ಹೂಡಿ ಕೂತದ."

ನಮ್ಮವರು ಏನರೆ ಅಂದಾರು ಅಂತ ನೋಡಿದೆ. ಅವರು ತಾಟಿನೊಳಗ ತಲೆ ಇಟ್ಟು, "ಅವ್ವ ಹೇಳೂದೂ ಖರೆ, ಅಪ್ಪಾ ಹೇಳೂದೂ ಖರೆ, ಸಾರು ಛಲೋ ಆಗೇದ" ಅಂದ್ರು.

ಡಂಗುರದವನೂ ಪ್ರಯತ್ನ ಮಾಡಿದ. "ಆಯಿ, ನನ್ನ ಹಲಗಿನೂ ಚರ್ಮದ್ದೇ. ಸುದ್ದಿ ಹೆಂಗ ತೊಗೋತೀರಿ?"

"ಸುದ್ದಿ ಕಿವಿಗೆ ಹಾಕೋತೀನಪಾ. ಬಾಯಿಗೆ ಹಾಕೋಳ್ಳೂದಿಲ್ಲ."

ಪಂಚಾಯತಿ ಕಟ್ಟೆಗೆ ಅತ್ತೆಯವರು

ಅತ್ತೆಯವರು ಅಷ್ಟಕ್ಕ ಬಿಡಲಿಲ್ಲ. ಸಭೆ ದಿವಸ ಸೆರಗು ಹೊದ್ದು ಕಟ್ಟೆಗೇ ಹೋಗಿ ನಿಂತ್ರು. ಅಲ್ಲಿಗೆ ಹೆಂಗಸರು ಹೋಗೋದು ಪದ್ಧತಿ ಇರಲಿಲ್ಲ. ಗಂಡಸರೆಲ್ಲ ಎದ್ದು ನಿಂತ್ರು, ಬೀಡಿ ಸೇದೋರು ಬೀಡಿ ಹಿಂದಕ್ಕ ಹಿಡಿದ್ರು.

ಸರಪಂಚರು ಶಾಣ್ಯಾ ಮನುಷ್ಯ. ಚರ್ಮದ ಮಾತು ಬರೋಕಿಂತ ಮೊದಲೇ, "ಆಯಿ, ಛಲೋ ಆತು ಬಂದ್ರಿ. ಪುಣೆಯಿಂದ ದೊಡ್ಡ ಸಾಹೇಬ್ರು ನಳ ಬಿಡಲಿಕ್ಕ ಬರ್ತಾರ. ಪೂಜೆ ಹೆಂಗ ಮಾಡಬೇಕು ನಮಗ ಗೊತ್ತಿಲ್ಲ, ಒಂದು ಕಾಯಿ ಒಡದು ಬಿಡಬೇಕಂತ ಮಾಡೀವಿ" ಅಂದ್ರು.

"ಬರೇ ಕಾಯಿ? ಗಂಗವ್ವ ಅಷ್ಟು ದೂರದಿಂದ ನಡಕೊಂತ ಊರಿಗೆ ಬರಾಕತ್ತ್ಯಾಳ. ಉಡಿ ತುಂಬೂದಿಲ್ಲೇನು? ಸೀರಿ ಇಲ್ಲೇನು?"

"ಆದ್ರ ನೀವು ಆ ನೀರು ಒಲ್ಲೆ ಅಂದೀರಂತ..."

"ನಾ ಕುಡಿಯೂದಿಲ್ಲ. ಹಂಗಂತ ಬಾಗಿಲಿಗೆ ಬಂದಾಕಿನ್ನ ಬರಿಗೈಲೆ ನಿಲ್ಲಸಲಿಕ್ಕ ಬರ್ತದೇನು?"

ನಳ ಬ್ಯಾಡ ಅನ್ನಲಿಕ್ಕ ಹೋದವರು ನಳದ ಸ್ವಾಗತದ ಯಜಮಾನಿಕೆ ಹೊತಗೊಂಡು ಬಂದ್ರು. ಬಂದವರೇ ಪೆಟ್ಟಿಗೆ ತೆಗೆದು ಹಸಿರು ಇಳಕಲ್ ಸೀರೆ ಹೊರಗಿಟ್ಟರು. ಅದು ನನ್ನ ಕುಬಸಕ್ಕ ಅಂತ ತೆಗೆದಿಟ್ಟಿದ್ದು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಕುಬಸ ಮಾಡೋದು ನಮ್ಮ ಕಡೆ ಪದ್ಧತಿ. ನೀರು ಹೋತು, ಈಗ ಸೀರೆನೂ ಹೋತು. ಒಲೆ ಮುಂದ ಕೂತು ಹೊಗೆಗೆ ಅನ್ನೋಹಂಗ ಕಣ್ಣು ಒರಸಿಕೊಂಡೆ.

ಅತ್ತೆಯವರು ನೋಡಿ, "ಒಣಗಿದ ಕಟಗಿಗೆ ಇಷ್ಟು ಹೊಗಿ ಎಲ್ಲಿಂದು?" ಅಂದು ಹೊರಗ ಹೋದ್ರು.

ಗಂಗವ್ವ ಬಂದ ದಿನ

ಆ ಮುಂಜಾನೆ ಹೆಂಗಸರೆಲ್ಲ ಸೇರಿ ನಳವನ್ನ ಮದಿಮಗಳು ಮಾಡಿದೆವು. ನೆರಿಗೆ ಹಾಕಿ ಸೀರೆ ಉಡಿಸಿ, ತೋಪಿನ ಸೆರಗು ಹೊದಿಸಿ, ನಳದ ಮೂತಿಗೆ ಕುಬಸದ ಖಣ ಬಿಗಿಯಾಗಿ ಸುತ್ತಿ, ಅರಿಷಿಣ ಕುಂಕುಮ ಹಚ್ಚಿ, ಹೂವಿನ ದಂಡಿ ಕಟ್ಟಿ, ಕಾಯಿ ಅಕ್ಕಿಯಿಂದ ಉಡಿ ತುಂಬಿದೆವು. ದೂರದಿಂದ ನೋಡಿದ್ರ ಯಾರೋ ಮುತ್ತೈದೆ ತಲೆ ಬಗ್ಗಿಸಿ ನಿಂತಂಗ ಕಾಣ್ತಿತ್ತು.

ಸಾಹೇಬ್ರ ಮೋಟಾರು ಬಂತು. ಇಳಿದವರೇ ಆ ಮುತ್ತೈದೆಯನ್ನ ಕಂಡು ಟೋಪಿ ತೆಗೆದು ಬಗ್ಗಿ ಮರ್ಯಾದೆ ಕೊಟ್ಟರು. ಆಮೇಲೆ ಸುತ್ತ ನೋಡಿ, ನಳ ಎಲ್ಲಿ ಅಂತ ಕೇಳಿದ್ರು. ಸರಪಂಚರು ಕೈ ಮುಗದು ಸೀರೆ ಕಡೆ ತೋರಿಸಿ, "ಇವರೇ ಸಾಹೇಬ" ಅಂದ್ರು.

ಸರಿ, ಬಿಡಬೇಕಲ್ಲ. ತಿರುಪು ಸೆರಗಿನ ಒಳಗ. ಸರಪಂಚರು ಡಂಗುರದವನಿಗೆ, "ತೆಗಿಯೋ" ಅಂದ್ರು.

"ನಾನ? ಊರ ಮುಂದ ನಿಂತ ಹೆಣ್ಣಮಗಳ ಸೆರಗಿಗೆ ಕೈ ಹಾಕಲಿ? ನೀವ ಹಾಕ್ರಿ, ನೀವು ದೊಡ್ಡವರು."

"ನಾ ಏನು ದುಶ್ಶಾಸನ ಅಂತ ತಿಳದಿಯೇನು?"

ಪೂಜೆ ಮಾಡಿದ ಭಟ್ಟರ ಕಡೆ ಎಲ್ಲಾರೂ ನೋಡಿದ್ರು. ಭಟ್ಟರು ಎರಡು ಹೆಜ್ಜೆ ಹಿಂದ ಸರದು, "ನಾ ಮಡಿಯೊಳಗ ಇದ್ದೀನಿ. ಒಳಗ ಚರ್ಮ ಅದ" ಅಂದ್ರು. ಸಾಹೇಬ್ರೇ ಮುಂದ ಬಂದ್ರು, ಹೆಂಗಸರೆಲ್ಲ "ಹಾಂ ಹಾಂ" ಅಂತ ಅಡ್ಡ ನಿಂತೆವು. ಪುಣೆಯ ದೊಡ್ಡ ಸಾಹೇಬ ಬಿಸಿಲಿನೊಳಗ ಟೋಪಿ ಕೈಯಾಗ ಹಿಡಕೊಂಡು, ಗಂಗವ್ವನ ಅಪ್ಪಣೆಗೆ ಕಾಯಕೋತ ನಿಂತ. ಅಂಥಾದ್ದು ನಾ ಮತ್ತ ನೋಡಲಿಲ್ಲ.

ಕಡೀಕ ಅತ್ತೆಯವರೇ ಹೋಗಬೇಕಾತು. ಉಡಿಸಿದವರೇ ಬಿಚ್ಚಬೇಕಲ್ಲ. "ತಾಯಿ, ಸಿಟ್ಟಾಗಬ್ಯಾಡ" ಅಂತ ಸೆರಗಿನೊಳಗ ಕೈ ಹಾಕಿ ತಿರುಪು ತಿರುವಿದ್ರು. ಏನೂ ಬರಲಿಲ್ಲ. ಆಮೇಲೆ ಒಳಗಿನಿಂದ ಸುಸ್ಸ್ ಅಂತ ಗಾಳಿ ಬಂತು. ಸೆರಗು ಅಲುಗಾಡಿತು. ಹೆಂಗಸರೆಲ್ಲ "ಸಿಟ್ಟಾದಳು, ಸಿಟ್ಟಾದಳು" ಅಂದೆವು.

"ಸುಮ್ಮನಿರ್ರಿ," ಅಂದ್ರು ಅತ್ತೆಯವರು. "ದೂರದಿಂದ ಬಂದಾಳ. ಉಸಿರು ಬಿಡಾಕತ್ತ್ಯಾಳ."

ಅವರು ಹಂಗಂದದ್ದೇ ತಡ, ಬಂತು ನೋಡ್ರಿ ನೀರು. ಮೂತಿಗೆ ಖಣ ಬಿಗದಿದ್ದೆವಲ್ಲ, ಕೆಳಗ ಬೀಳಲಿಕ್ಕ ದಾರಿ ಇಲ್ಲ. ಕೊಡೆ ಬಿಚ್ಚಿದಂಗ ಸುತ್ತೂ ಹಾರಿತು. ಸಾಹೇಬ ತೊಯ್ದ, ಸರಪಂಚರು ತೊಯ್ದರು, ಹಿಂದ ಸರದಿದ್ದ ಭಟ್ಟರೂ ತೊಯ್ದರು. ನಡುವ ನಿಂತ ಅತ್ತೆಯವರ ತಲೆಯಿಂದ ಕಾಲಿನತನಕ ಇಳೀತು. "ತಾಯಿ" ಅಂತ ತೆಗೆದ ಬಾಯಿ ತೆಗೆದಂಗೇ ಇತ್ತು, ಅದರೊಳಗೂ ಹೋತು. ಅವರ ಗಂಟಲು ಮ್ಯಾಲೆ ಕೆಳಗ ಆದದ್ದನ್ನ ನಾನು ಕಣ್ಣಾರೆ ನೋಡಿದೆ.

ಎಲ್ಲಾರೂ ಅತ್ತೆಯವರ ಬಾಯಿನೇ ನೋಡಿದ್ರು. ಚರ್ಮದ ನೀರು ಕುಡಿದಂಗಾತಲ್ಲ.

ಅತ್ತೆಯವರು ಮಾರಿ ಒರಸಿಕೊಂಡು ಭಟ್ಟರ ಕಡೆ ತಿರುಗಿದ್ರು. "ಹೇಳ್ರಿ ಭಟ್ಟರ. ನಾವು ಮುಟ್ಟಲಿಲ್ಲ, ಕರೀಲಿಲ್ಲ. ಆಕಿನೇ ಬಂದು ತಲಿಮ್ಯಾಲೆ ಬಿದ್ದಾಳ. ಇದು ಮೈಲಿಗಿನೋ, ಸ್ನಾನನೋ?"

ಭಟ್ಟರ ಧೋತರದಿಂದ ನೀರು ತೊಟ್ಟಿಕ್ಕತಿತ್ತು. ಮೈಲಿಗೆ ಅಂದ್ರ ಅವರದೂ ಹೋತು. ಅವರು ಭಾಳ ವಿಚಾರ ಮಾಡಲಿಲ್ಲ. "ಗಂಗಾಸ್ನಾನ ಆಯಿ. ಶುದ್ಧ ಗಂಗಾಸ್ನಾನ."

ಅತ್ತೆಯವರು ನನ್ನ ಕಡೆ ನೋಡಿದ್ರು. "ನಿಂತು ಏನು ನೋಡತಿ? ಆ ಖಣ ಬಿಚ್ಚಿ ಕೊಡ ಒಡ್ಡು. ತಾಯಿ ಸುಮ್ಮನೆ ಹರದು ಹೊಂಟಾಳ."

ನಾನು ಕೊಡ ಒಡ್ಡಿದೆ. ಇಳಿಯಲಿಲ್ಲ, ಏರಲಿಲ್ಲ, ಹಗ್ಗ ಎಳೀಲಿಲ್ಲ. ನಿಂತಲ್ಲೇ ನಿಂತಿದ್ದೆ, ಕೆರೆ ಬಂದು ನನ್ನ ಕೊಡ ತುಂಬಿತು.

ಮುಂದ ಯಾರ್ಯಾರು ಏನಾದ್ರು

ಸರಪಂಚರು ಮುಂದಿನ ಚುನಾವಣೆಯೊಳಗ ಸೋತ್ರು. ಆಮೇಲೆ ದಿನಾ ತಾವೇ ಹಂಡೆ ಹಿಡಕೊಂಡು ನಳಕ್ಕ ಬಂದು ಪಾಳಿ ಹಚ್ಚತಿದ್ರು. ಹೆಂಗಸರು ಮುಂದ ಬಿಟ್ರ, ರೂಢಿಗೆ ಅಷ್ಟಪುತ್ರ ಅಂತಿದ್ರು. ಭಟ್ಟರು ಗಂಗಾಸ್ನಾನ ಅಂತ ಒಮ್ಮೆ ಅಂದ ಮೇಲೆ ಹಿಂದ ತಗೋಳ್ಳಲಿಕ್ಕ ಬರಲಿಲ್ಲ. ಅವರ ಮನೆಯೊಳಗೇ ಎಲ್ಲಾರಕಿಂತ ಮೊದಲು ನಳ ಬಂತು. ಡಂಗುರದವನ ಮಗಳಿಗೆ ಗಂಡು ಸಿಕ್ಕ, ಅದನ್ನೂ ಹಲಗೆ ಬಡದೇ ಹೇಳಿದ. ಮುಂದ ಸ್ವಾತಂತ್ರ್ಯ ಬಂದದ್ದನ್ನೂ ಅವನೇ ಸಾರಿದ, ಅದರ ಬೆನ್ನಿಗೇ ತಪ್ಪಿಸಿಕೊಂಡ ಎಮ್ಮೆದನ್ನೂ ಸಾರಿದ. ಸಾಹೇಬ ಹಡಗ ಹತ್ತಿ ತನ್ನ ದೇಶಕ್ಕ ಹೋದ. ಆ ವಾಡಿಯ ನಳ ಆರಾಮ ಇದ್ದಾರೇನು ಅಂತ ಹೋಗೂತನಕ ಕೇಳ್ತಿದ್ದನಂತ. ಮಾವನವರಿಗೆ ಎಂಟು ಮಕ್ಕಳು ಆಗಲಿಲ್ಲ, ಮೊಮ್ಮಕ್ಕಳಾದ್ರು.

ಸೀರೆ ಒಣಗಿದ ಮೇಲೆ ಅದನ್ನೇ ಉಡಿಸಿ ನನಗ ಕುಬಸ ಮಾಡಿದ್ರು. "ಗಂಗವ್ವ ಉಟ್ಟು ಬಿಟ್ಟದ್ದು. ಅಂಗಡ್ಯಾಗ ಸಿಗತದೇನು?" ಅಂದ್ರು ಅತ್ತೆಯವರು. ಆ ಕೂಸು ನಿಮ್ಮ ದೊಡ್ಡತ್ತೆ. ಇವತ್ತಿಗೂ ನಳ ಬಿಟ್ಟು ಮರೀತಾಳ.

ಅತ್ತೆಯವರು ತುಂಬಿದ ವಯಸ್ಸಿಗೆ ಹಾಸಿಗೆ ಹಿಡಿದ್ರು. ಕಡೀ ಹೊತ್ತಿನೊಳಗ ಬಾಯಿಗೆ ಗಂಗಾಜಲ ಬಿಡಬೇಕಲ್ಲ. ದೇವರ ಮನೆಯೊಳಗ ಕಾಶಿಯಿಂದ ತಂದ ತಾಮ್ರದ ಗಿಂಡಿ ಇತ್ತು, ಮಾವನವರು ಅದನ್ನ ತಂದ್ರು. ಅತ್ತೆಯವರು ಕಣ್ಣು ತೆರೆದು ಗಿಂಡಿ ನೋಡಿ, ಕೈಯಿಂದ ಸರಿಸಿ, ನನ್ನ ಕಡೆ ತಿರುಗಿದ್ರು.

"ಅದು ಯಾವ ಕಾಲದ್ದೋ ಏನೋ, ಹುಳ ಬಿದ್ದಿರತಾವ. ನೀ ಹೋಗಿ ನಮ್ಮ ನಳದ್ದ ತಾ" ಅಂದ್ರು.

ತಂದು ಬಿಟ್ಟೆ. ಗಂಟಲೊಳಗ ಇಳೀತು, ಅವರೂ ಗಂಗವ್ವನ ಕೂಡೆ ನಡಕೊಂತ ಹೋದ್ರು.