ನಾಣಿ ಬ್ಯಾಟರಿ ಬದಲಿಸಿದ್ದು

ಮನೆಯಲ್ಲಿರುವ ಯಾವ ವಸ್ತುವನ್ನೂ ನಾಣಿ ತನ್ನದೆಂದು ನಂಬಿದವನಲ್ಲ. ಎಲ್ಲವೂ ಇಂದಲ್ಲ ನಾಳೆ ಇನ್ನೊಬ್ಬರಿಗೆ ಮಾರಬೇಕಾದದ್ದು, ಅಲ್ಲಿಯತನಕ ತಾನು ಬರೀ ಕಾವಲುಗಾರ ಎಂಬ ಘನ ವೈರಾಗ್ಯ ಅವನದು. ವಿಲೆ ಪಾರ್ಲೆಯ ಅವನ ಫ್ಲ್ಯಾಟಿನಲ್ಲಿ ಟೀವಿಯ ರಿಮೋಟು ಇವತ್ತಿಗೂ ಪ್ಲಾಸ್ಟಿಕ್ ಕವರಿನೊಳಗೆ ಉಸಿರು ಕಟ್ಟಿಕೊಂಡು ಕೂತಿದೆ. ಸೋಫಾಕ್ಕೂ ಅದೇ ಶಿಕ್ಷೆ. ಬೇಸಿಗೆಯಲ್ಲಿ ಬಂದ ನೆಂಟರು ಚರ್ರೆಂದು ಸದ್ದು ಮಾಡದೆ ಅದರಿಂದ ಏಳುವ ಹಾಗಿಲ್ಲ. ಲಾಫ್ಟಿನ ತುಂಬ ಖಾಲಿ ಡಬ್ಬಗಳು. ಮಿಕ್ಸಿಯದು, ಇಸ್ತ್ರಿಪೆಟ್ಟಿಗೆಯದು, ಯಾವತ್ತೋ ಕೆಟ್ಟು ಕಸಕ್ಕೆ ಹೋದ ಗಡಿಯಾರದ್ದು.

"ಡಬ್ಬ ಇದ್ರೆ ರೀಸೇಲ್ ವ್ಯಾಲ್ಯೂ ಜಾಸ್ತಿ ಕಣೇ," ಎನ್ನುತ್ತಾನೆ ನಾಣಿ.

"ಹಾಗಾದ್ರೆ ನನ್ನ ಡಬ್ಬ ಎಲ್ಲಿಟ್ಟಿದ್ದೀರಿ? ಅದೂ ಅಲ್ಲೇ ಇರಬೇಕಲ್ಲ," ಎನ್ನುತ್ತಾಳೆ ಅವನ ಹೆಂಡತಿ ರಮಾಮಣಿ.

(ಕಂಪನಿಯ ಖರೀದಿ ವಿಭಾಗದಲ್ಲಿ ಸಾಹೇಬರಾಗಿ ರಿಟೈರಾದವರನ್ನು ನಾಣಿ ಎನ್ನುವುದು ಸರಿಯಲ್ಲ, ನನಗೂ ಗೊತ್ತು. ಆದರೆ ಮೈಸೂರು ಬಿಟ್ಟು ಮುಂಬೈಗೆ ಬಂದು ಇಷ್ಟು ಕಾಲವಾದರೂ ಅವನು ನಾರಾಯಣರಾಯರಾಗಲೇ ಇಲ್ಲ. ನಾನೇನು ಮಾಡಲಿ?)

ಆ ಮನೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದಾದ ಹಾಡಿನ ಪ್ಲೇಯರ್ ಒಂದಿತ್ತು. ಮಗಳು ಪ್ರಿಯಂವದಾ ಕಾಲೇಜಿನ ದಿನಗಳಲ್ಲಿ ಕೊಂಡದ್ದು. ಮದುವೆಯಾಗಿ ಪುಣೆಗೆ ಹೋಗುವಾಗ ಅಪ್ಪ ಅಮ್ಮನ ಕಾಲದ ಹಾಡು ತುಂಬಿಸಿ ಬಿಟ್ಟುಹೋಗಿದ್ದಳು. ಸಂಜೆ ಬಿಲ್ಡಿಂಗಿನ ಹಿಂದಿನ ಗಾರ್ಡನ್ನಿನಲ್ಲಿ ಗಂಡ ಹೆಂಡತಿಯ ವಾಕಿಂಗ್. ಇಯರ್‌ಫೋನಿನ ಒಂದು ಗುಂಡಿ ನಾಣಿಯ ಕಿವಿಗೆ, ಇನ್ನೊಂದು ರಮಾಮಣಿಯ ಕಿವಿಗೆ. ವೈರು ಗಿಡ್ಡ. ಒಬ್ಬರು ಒಂದು ಹೆಜ್ಜೆ ಮುಂದೆ ಹೋದರೂ ಇನ್ನೊಬ್ಬರ ಕಿವಿಯಿಂದ ಹಾಡು ಕಿತ್ತು ಬರುತ್ತಿತ್ತು. ಹಾಗಾಗಿ ಭುಜಕ್ಕೆ ಭುಜ ತಾಗಿಸಿಕೊಂಡೇ ನಡೆಯಬೇಕು.

ಬ್ಯಾಟರಿಗೆ ವಯಸ್ಸಾಗಿತ್ತು. ಎರಡನೇ ಸುತ್ತಿನ ಹೊತ್ತಿಗೆ ಗಾಯಕರು ಚರಣದ ನಡುವೆಯೇ ಬಾಯಿ ಮುಚ್ಚಿಬಿಡುತ್ತಿದ್ದರು. ಅಲ್ಲಿಂದ ರಮಾಮಣಿಯ ಕಚೇರಿ ಶುರು. ಕೆಳಗಿನ ಮನೆಯವರ ಸೊಸೆ ಮುಖ ತಿರುಗಿಸಿಕೊಂಡದ್ದು, ಮಗಳು ಫೋನಿನಲ್ಲಿ ಹೇಳಿದ್ದು, ಹೇಳದೆ ನುಂಗಿದ್ದು, ಬೆಳಿಗ್ಗೆ ನಾಣಿ ತಂದ ಬೆಂಡೆಕಾಯಿ ಬಲಿತುಹೋಗಿದ್ದದ್ದು. ಹಾಡು ನಿಂತರೂ ವೈರು ಕಿವಿಯಲ್ಲೇ ಇರುತ್ತಿತ್ತು. ತೆಗೆದು ಸುತ್ತಿಡಲು ಇಬ್ಬರಿಗೂ ಸೋಮಾರಿತನ. (ಹೆಂಡತಿಯ ಕೈ ಹಿಡಿದು ಬೀದಿಯಲ್ಲಿ ನಡೆಯುವುದೆಲ್ಲ ನಾಣಿಯ ವಂಶದಲ್ಲೇ ಇಲ್ಲ. ಆ ವೈರೇ ಅವರ ನಿತ್ಯದ ಪಾಣಿಗ್ರಹಣ.)

ಇಷ್ಟು ಸುಖವಾಗಿದ್ದವನು ಸುಮ್ಮನಿರಬೇಕೋ ಬೇಡವೋ?

ಒಂದು ದಿನ ಮೊಬೈಲಿನಲ್ಲಿ ಕಣ್ಣಾಡಿಸುತ್ತಿದ್ದವನು ಎದ್ದು ಕೂತ. ಅಂಥ ಪ್ಲೇಯರನ್ನು ತಯಾರಿಸುವುದೇ ನಿಂತಿದೆಯಂತೆ. ಈಗಿನ ಹುಡುಗರು ಹಳೆಯವಕ್ಕೆ ಮುಗಿಬೀಳುತ್ತಿದ್ದಾರಂತೆ. ಬ್ಯಾಟರಿ ಮಾತ್ರ ಗಟ್ಟಿ ಇರಬೇಕಂತೆ.

"ರಮಾ, ಹೊಸ ಬ್ಯಾಟರಿ ಹಾಕಿಸಿ ಇದನ್ನ ಮಾರಿಬಿಡೋಣ. ಬಂದ ದುಡ್ಡಲ್ಲಿ ವೈರಿಲ್ಲದ ಇಯರ್‌ಬಡ್ಸ್. ಫೋನಲ್ಲೇ ಹಾಡು. ನಿನಗೊಂದು, ನನಗೊಂದು."

"ಇದಕ್ಕೇನಾಗಿದೆ? ಹಾಡ್ತಿದೆಯಲ್ಲ ಪಾಪ."

"ಎರಡು ಸುತ್ತಿಗೆ ಪ್ರಾಣ ಬಿಡುತ್ತೆ."

"ನೀವೂ ಎರಡು ಸುತ್ತಿಗೆ ಏದುಸಿರು ಬಿಡ್ತೀರಿ. ನಿಮಗೂ ಒಂದು ಹೊಸ ಬ್ಯಾಟರಿ ಹಾಕಿಸೋಣ್ವಾ?"

ನಾಣಿ ಇಂಥ ಮಾತಿಗೆಲ್ಲ ಜಗ್ಗುವವನಲ್ಲ. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯಲ್ಲಿ ಪ್ಲೇಯರಿನ ಬೆನ್ನು ಬಿಚ್ಚಿಸಿ, ಹಪ್ಪಳದಂತೆ ಉಬ್ಬಿದ್ದ ಹಳೇ ಬ್ಯಾಟರಿ ತೆಗೆಸಿದ. ಅಂಗಡಿಯವನು ಅಗ್ಗದ್ದೊಂದನ್ನು ತೋರಿಸಿದರೆ ಇವನು ಒಪ್ಪಬೇಕಲ್ಲ! "ಸಬ್‌ಸೇ ಅಚ್ಛಾವಾಲಾ ಡಾಲೋ," ಎಂದು ಮೇಲಿನ ದರ್ಜೆಯದನ್ನೇ ಕೂರಿಸಿದ.

ಮೊಬೈಲಿನಲ್ಲಿ ನಾಣಿ ಹಾಕಿದ ಜಾಹೀರಾತು ನೋಡಿ ಕೊಳ್ಳಲು ಬಂದವನು ಕಾಂದಿವಲಿಯ ತಿಲಕ್, ಅಪ್ಪನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗ. ಲಾಫ್ಟಿನಿಂದ ಡಬ್ಬ ಇಳಿಸಿ, ವೈರು ಸಮೇತ ಪ್ಲೇಯರನ್ನು ಅದರೊಳಗೆ ಮಲಗಿಸಿ, ನಾಣಿ ಪ್ರವಚನ ಕೊಟ್ಟ. "ನೋಡಪ್ಪ, ಇದರ ಬೆಲೆ ಇನ್ಮೇಲೆ ಏರೋದೇ ಹೊರತು ಇಳಿಯೋದಿಲ್ಲ. ಒರಿಜಿನಲ್ ಡಬ್ಬ. ಒಂದು ಗೀರಿಲ್ಲ. ಬ್ಯಾಟರಿ ಇಡೀ ದಿನ ಬರುತ್ತೆ." ಹುಡುಗ ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋದ. ನಾಣಿ ಮೀಸೆ ತಿರುವಿಕೊಂಡ. (ಮೀಸೆ ಇಲ್ಲ. ಇದ್ದಿದ್ದರೆ ತಿರುವುತ್ತಿದ್ದ.)

ವೈರಿಲ್ಲದ ಮೊದಲ ಸಂಜೆ. ರಮಾಮಣಿಯ ನಡಿಗೆ ಎಂಥದೆಂದು ನಾಣಿಗೆ ಗೊತ್ತಾದದ್ದೇ ಅಂದು. ಆಂಟಾಪ್ ಹಿಲ್ಲಿನ ಶಾಲೆಯಲ್ಲಿ ಪಾಠ ಹೇಳಲು ರಿಟೈರಾಗುವವರೆಗೂ ದಿನಾ ಲೋಕಲ್ ಹಿಡಿದು ಓಡಿದ ಕಾಲು ಅದು. ವೈರಿಗೆ ಕಟ್ಟಿಹಾಕಿದ್ದಕ್ಕೆ ಇಷ್ಟು ದಿನ ನಾಣಿಯ ಹೆಜ್ಜೆಗೆ ಹೆಜ್ಜೆ ಸೇರಿಸಿಕೊಂಡಿತ್ತು, ಅಷ್ಟೇ. ಈಗ ಭರ್ರೆಂದು ಹೋದಳು. ಹೋದವಳು ಜಾರುಬಂಡೆಯ ಹತ್ತಿರ ನಿಂತು, ಕಿವಿ ಮುಟ್ಟಿಕೊಂಡು, ಅಷ್ಟೇ ಬಿರುಸಾಗಿ ವಾಪಸು ಬಂದಳು.

"ರೀ, ಹಾಡು ನಿಂತೋಯ್ತು."

"ಫೋನು ನನ್ನ ಜೇಬಲ್ಲಿದೆ. ದೂರ ಹೋದ್ರೆ ಕೇಳಿಸಲ್ಲ. ಮೆಲ್ಲಗೆ ನಡಿ."

"ಮೆಲ್ಲಗೆ ಯಾಕೆ? ಫೋನ್ ಇಲ್ಲಿ ಕೊಡಿ."

ಫೋನು ಅವಳ ಪರ್ಸಿಗೆ ಹೋಯಿತು. ಹಾಡೂ ಅದರ ಜೊತೆಗೇ ಹೋಯಿತು. ನಾಣಿ ನಾಲ್ಕು ಹೆಜ್ಜೆ ಓಡಿದರೆ ಪಲ್ಲವಿ ಕೇಳಿಸುತ್ತಿತ್ತು. ಏದುಸಿರು ಬಿಡುತ್ತ ನಿಂತರೆ ತಲೆಯ ಮೇಲೆ ಇಳಿಯುವ ವಿಮಾನದ ಗುಡುಗು ಮಾತ್ರ. ಮುಂದೆ ದೂರದಲ್ಲಿ ರಮಾಮಣಿ ತಾಳಕ್ಕೆ ತಲೆಯಾಡಿಸುತ್ತ ತಿರುವು ದಾಟುತ್ತಿದ್ದಳು. ಇವನು ಕಿವಿಯಲ್ಲಿ ಮೂಕ ಗುಂಡಿ ಇಟ್ಟುಕೊಂಡು ಅವಳ ಬೆನ್ನು ನೋಡುತ್ತಿದ್ದ.

"ಮೈಯೆಲ್ಲ ಹಗುರ ಆಯ್ತು ಕಣ್ರೀ! ನೀವು ಮಾಡಿದ ಒಂದೇ ಒಂದು ಒಳ್ಳೇ ವ್ಯಾಪಾರ ಇದು," ಎಂದಳು ಮನೆಗೆ ಬಂದು. ಹೇಳಿ ಅಡುಗೆಮನೆಗೆ ಹೋದಳು. ಕೆಳಗಿನ ಮನೆಯ ಸೊಸೆಯ ವಿಷಯ ಅವತ್ತು ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಣಿ ಬೇಕೆಂದೇ ಬಲಿತ ಬೆಂಡೆಕಾಯಿ ತಂದು ನೋಡಿದ. ಅವಳು ಗೊಣಗದೆ ಸಾಂಬಾರಿಗೆ ಹಾಕಿದಳು. ನಾಣಿಗೆ ಅಳುವಷ್ಟು ಬೇಸರವಾಯಿತು. ಯಾಕಾದರೂ ಮಾರಿದೆನೋ ಎಂದು ಒಳಗೊಳಗೇ ಹಳಹಳಿಸಿದ. "ನಿನ್ನ ಪಕ್ಕದಲ್ಲಿ ನಡೀಬೇಕು ಕಣೇ," ಎಂದು ಬಾಯಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳುವ ಬದಲು ಅವನು ಲೋಕಲ್ ಹತ್ತಿ ಕಾಂದಿವಲಿಗೆ ಹೋದ.

"ವಾಪಸ್ ಬೇಕಾ?" ತಿಲಕ್ ಗಲ್ಲಾದ ಹಿಂದೆ ನಕ್ಕ. "ಅಂಕಲ್, ಇದರ ರೇಟು ಏರೋದೇ, ಇಳಿಯುದಿಲ್ಲ ಅಂತ ನೀವೇ ಹೇಳಿದ್ದಲ್ವಾ ಮಾರಾಯ್ರೆ? ಡಬ್ಬ ಉಂಟು. ಸ್ಕ್ರ್ಯಾಚ್ ಇಲ್ಲ. ಬ್ಯಾಟರಿ ಅಂತೂ ಏಕ್‌ದಮ್ ಝಕಾಸ್!"

ತನ್ನದೇ ಪ್ರವಚನ ತನಗೇ ಬಡ್ಡಿ ಸಮೇತ ವಾಪಸು ಬಂತು. ಮಾರಿದ್ದಕ್ಕೆ ಹತ್ತಿರ ಹತ್ತಿರ ಎರಡರಷ್ಟು ತೆತ್ತು, ಹುಡುಗ ಪುಕ್ಕಟೆ ಕೊಟ್ಟ ಕಾಫಿ ಕುಡಿದು ನಾಣಿ ಮನೆಗೆ ಬಂದ.

"ಮಾರಿದ್ದನ್ನೇ ಕೊಂಡು ತಂದ್ರಾ?" ರಮಾಮಣಿ ಸೊಂಟದ ಮೇಲೆ ಕೈಯಿಟ್ಟಳು. "ಎಷ್ಟು ಕೊಟ್ರಿ?"

"ಅಷ್ಟೇ ಕಣೇ, ಎಷ್ಟಕ್ಕೆ ಕೊಟ್ಟಿದ್ನೋ ಅಷ್ಟೇ. ಹಳೇದರ ಸೌಂಡೇ ಬೇರೆ. ಆ ಇಯರ್‌ಬಡ್ಸ್ ನನ್ನ ಕಿವಿಗೆ ಹಿಡಿಸಲ್ಲ."

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ "ಸರಿ, ನಡೀರಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಮತ್ತೆ ಅದೇ ಗಾರ್ಡನ್, ಅದೇ ಗಿಡ್ಡ ವೈರು, ಭುಜಕ್ಕೆ ಭುಜ. ನಾಣಿಗೆ ಹೋದ ಜೀವ ಬಂದ ಹಾಗಾಯಿತು. ಮೊದಲ ಸುತ್ತು ಮುಗಿಯಿತು. ಎರಡನೆಯದೂ ಮುಗಿಯಿತು. ಇನ್ನೇನು ಹಾಡು ನಿಲ್ಲುತ್ತದೆ, ಕಚೇರಿ ಶುರುವಾಗುತ್ತದೆ ಎಂದು ಕಾದ. ಹಾಡು ಎಲ್ಲಿ ನಿಲ್ಲಬೇಕು? ಸಬ್‌ಸೇ ಅಚ್ಛಾವಾಲಾ ಬ್ಯಾಟರಿ. ಒಂದಾದ ಮೇಲೊಂದು ಹಾಡುತ್ತಲೇ ಇತ್ತು.

"ಕೆಳಗಿನ ಮನೆಯವರ ಸೊಸೆ..." ಎಂದು ಇವನೇ ಬಾಯಿ ಹಾಕಿದ.

"ಷ್! ಒಳ್ಳೇ ಹಾಡು, ಕೇಳಿಸ್ಕೊಳ್ಳಿ."

ಇನ್ನೂ ಒಂದು ಸುತ್ತು ಸಹಿಸಿದ. ಆಮೇಲೆ ತಡೆಯಲಾರದೆ ಜೇಬಿನೊಳಗೆ ಕೈ ತೂರಿಸಿ, ಕಳ್ಳನ ಹಾಗೆ ಬಟನ್ ಒತ್ತಿ ಪ್ಲೇಯರನ್ನು ಆಫ್ ಮಾಡಿದ.

"ಅಯ್ಯೋ, ಬ್ಯಾಟರಿ ಹೋಯ್ತು ಕಣೇ!"

ಬೈಗುಳಕ್ಕೆ ಕಿವಿಯೊಡ್ಡಿ ನಿಂತ. ಹೊಸ ಬ್ಯಾಟರಿ ಕೈಕೊಟ್ಟದ್ದಕ್ಕೆ ಅಂಗಡಿಯವನಿಂದ ಹಿಡಿದು ನಾಣಿಯ ಏಳು ತಲೆಮಾರಿನವರೆಗೂ ಹೋದರೆ, ನಾಲ್ಕು ಸುತ್ತಿಗಾದರೂ ಸಾಕಾಗುವಷ್ಟು ಮಾತು.

"ಹೋಯ್ತಾ? ನಂಗೊತ್ತಿತ್ತು ನಿಮ್ಮ ವ್ಯಾಪಾರ," ಎಂದಳು ರಮಾಮಣಿ. ಕಿವಿಯ ಗುಂಡಿ ತೆಗೆದು ಅವನ ಅಂಗೈಗಿಟ್ಟಳು. ಪರ್ಸಿನಿಂದ ಫೋನೂ ಇಯರ್‌ಬಡ್ಸಿನ ಡಬ್ಬಿಯೂ ಹೊರಗೆ ಬಂದವು. "ಅದಕ್ಕೇ ಇದನ್ನೂ ಇಟ್ಕೊಂಡು ಬಂದೆ. ನಿಮಗೆ ಹೇಗೂ ಹಿಡಿಸಲ್ವಲ್ಲ, ಎರಡೂ ನಾನೇ ಹಾಕ್ಕೋತೀನಿ. ನೀವು ಬೆಂಚಲ್ಲಿ ಕೂತ್ಕೊಳ್ಳಿ, ಆಯಾಸ ಮಾಡ್ಕೋಬೇಡಿ."

ಹೇಳಿ ಹೊರಟೇಬಿಟ್ಟಳು.

"ರಮಾ! ಬ್ಯಾಟರಿ ಇದೆ ಕಣೇ! ನಾನೇ ಸುಳ್ಳು..."

ಎರಡು ಕಿವಿಯಲ್ಲೂ ಹಾಡು ತುಂಬಿಕೊಂಡವಳಿಗೆ ಯಾವ ನಾಣಿ ಕೇಳಿಸಬೇಕು? ಜಾರುಬಂಡೆ ದಾಟಿ ಆಗಲೇ ತಿರುವಿನಲ್ಲಿದ್ದಳು. ನಾಣಿ ಬೆಂಚಿನ ಮೇಲೆ ಕೂತು ಎರಡು ಗುಂಡಿಯನ್ನೂ ತನ್ನ ಕಿವಿಗೇ ಸಿಕ್ಕಿಸಿಕೊಂಡು ಬಟನ್ ಒತ್ತಿದ. ಹಾಡು ನಿಂತ ಕಡೆಯಿಂದಲೇ ಮುಂದುವರಿಯಿತು. ಸ್ಕ್ರೀನಿನ ಮೂಲೆಯಲ್ಲಿ ಬ್ಯಾಟರಿಯ ಚಿತ್ರ ಅಂಚಿನವರೆಗೂ ತುಂಬಿಕೊಂಡಿತ್ತು. ಇಡೀ ದಿನ ಬರುತ್ತೆ.