ಬಾಗಿಲು ತಟ್ಟಿ ಬನ್ನಿ

ಮಾವ: ಆಗಲಿಲ್ಲ. ಆಚೆ ಹೋಗಿ ಇನ್ನೊಂದು ಸಲ ಬಾ.

ಸೊಸೆ: ಮಾವ, ನಾನಿನ್ನೂ ಬಾಯೇ ಬಿಟ್ಟಿಲ್ಲ.

ಮಾವ: ಬಾಯಿ ಆಮೇಲಿನ ಮಾತು. ಬಾಗಿಲು ತಟ್ಟೋದರಲ್ಲೇ ಮನುಷ್ಯ ಗೊತ್ತಾಗಿಬಿಡ್ತಾನೆ. ನೀನು ತಟ್ಟಿದ್ದು ಹಾಲಿನವನು ತಟ್ಟಿದ ಹಾಗಿತ್ತು.

ಸೊಸೆ: ಮತ್ತೆ ಹೇಗೆ ತಟ್ಟಬೇಕು?

ಮಾವ: ಕೆಲಸ ಬೇಕು, ಕೊಡದಿದ್ರೂ ಪರವಾಗಿಲ್ಲ, ಆದ್ರೂ ಬೇಕು. ಹಾಗೆ ತಟ್ಟಬೇಕು.

ಸೊಸೆ: ಇಷ್ಟೆಲ್ಲ ಒಂದು ಬೆರಳಲ್ಲಿ ಹೇಳೋಕಾಗುತ್ತಾ?

ಮಾವ: ನನ್ನ ಕಾಲದಲ್ಲಿ ಹೇಳ್ತಿದ್ರು.

ಸೊಸೆ ಆಚೆ ಹೋದಳು. ಮಾರನೆಯ ಬೆಳಿಗ್ಗೆ ಕಣ್ಣಾಸ್ಪತ್ರೆಯಲ್ಲಿ ಅವಳ ಇಂಟರ್ವ್ಯೂ. ಬಂದವರನ್ನು ವಿಚಾರಿಸಿ, ಚೀಟಿ ಕೊಟ್ಟು, ಸರಿಯಾದ ಡಾಕ್ಟರ ಬಾಗಿಲಲ್ಲಿ ಕೂರಿಸುವ ಕೆಲಸ. ಮಗಳು ಹುಟ್ಟಿದಾಗ ಇದ್ದ ಕೆಲಸ ಬಿಟ್ಟವಳಿಗೆ ಇದು ಬೇಕೇ ಬೇಕಾಗಿತ್ತು. ಮನೆಯ ಗೋಡೆಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಗೋಡೆಗಳಿಗೂ ಸಾಕಾಗಿದ್ದಿರಬಹುದು.

ಮಾವನವರು ಸರ್ವಿಸ್ಸಿನ ಬಹುಭಾಗವನ್ನು ಇಂಟರ್ವ್ಯೂ ಬೋರ್ಡಿನ ಅಧ್ಯಕ್ಷರಾಗಿ ಕಳೆದವರು. ರಿಟೈರಾದ ಮೇಲೆ ನಲ್ಲಿ ರಿಪೇರಿಗೆ ಬಂದವನನ್ನೂ 'ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ' ಎಂದು ಕೇಳಿ ಓಡಿಸಿದ್ದರು. ಇಂಥವರಿಗೆ ಮನೆಯೊಳಗೇ ಅಭ್ಯರ್ಥಿ ಸಿಕ್ಕರೆ ಕೇಳಬೇಕೆ? ಊಟದ ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ಕೋಟು ಹಾಕಿಕೊಂಡು ಕೂತುಬಿಟ್ಟರು. ಕೆಳಗೆ ಪೈಜಾಮವೇ ಇತ್ತು. ಮೇಜಿನ ಕೆಳಗಿನದು ಬೋರ್ಡಿಗೆ ಸಂಬಂಧಿಸಿದ್ದಲ್ಲ ಎಂಬುದು ಅವರ ವಾದ. ಗಂಟೆಯ ಬದಲು ಒಂದು ಲೋಟ, ಒಂದು ಚಮಚ.

ಪಕ್ಕದ ಕುರ್ಚಿಯಲ್ಲಿ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಒಬ್ಬರೇ ಕೂತರೆ ಬೋರ್ಡು ಆಗುವುದಿಲ್ಲವೆಂದು ಅವರನ್ನು ಮೆಂಬರ್ ಮಾಡಲಾಗಿತ್ತು.

ಮಾವ: ಮೆಂಬರ್ ಆದವರು ಮಾತಾಡಬಾರದು. ಅಧ್ಯಕ್ಷರು ಹೇಳಿದ್ದಕ್ಕೆ ತಲೆ ಆಡಿಸಬೇಕು.

ಅತ್ತೆ: ಮದುವೆ ಆದಾಗಿಂದ ಅಭ್ಯಾಸ ಇದೆ. ಮುಂದೆ ಹೇಳಿ.

ಬಾಗಿಲು ತಟ್ಟಿದ ಸದ್ದಾಯಿತು. ಮಾವ ಚಮಚದಿಂದ ಲೋಟ ಬಾರಿಸಿದರು.

ಮಾವ: ಬನ್ನಿ, ಕೂತ್ಕೊಳ್ಳಿ. ಈಗ ನಾನು ನಿಮ್ಮ ಮಾವ ಅಲ್ಲ. ಇದು ಗಮನದಲ್ಲಿರಲಿ.

ಸೊಸೆ: ನಿಜವಾಗ್ಲೂ?

ಮಾವ: ಖಂಡಿತ.

ಸೊಸೆ: ಹಾಗಾದ್ರೆ ಸರಿ.

ಮಾವ: ನಿಮ್ಮ ಸಾಮರ್ಥ್ಯ ಏನು?

ಸೊಸೆ: ತಾಳ್ಮೆ.

ಮಾವ: ಎಲ್ಲರೂ ಇದನ್ನೇ ಹೇಳ್ತಾರೆ. ಉದಾಹರಣೆ ಕೊಡಿ.

ಸೊಸೆ: ನಮ್ಮ ಮನೇಲಿ ಒಬ್ಬ ಹಿರಿಯರಿದ್ದಾರೆ. ಓದಿದ ಪೇಪರಿನೊಳಗೇ ಕನ್ನಡಕ ಇಟ್ಟು ಮಡಿಸಿ ರದ್ದಿಗೆ ಹಾಕ್ತಾರೆ. ಆಮೇಲೆ ಮನೆಯವರೆಲ್ಲ ಕಳ್ಳರು. ನಾನು ದಿನಾ ರದ್ದಿ ಬಿಚ್ಚಿ ಕನ್ನಡಕ ಕೊಡ್ತೀನಿ. ಒಂದು ದಿನಾನೂ ಏನೂ ಅಂದಿಲ್ಲ.

ಮಾವ: ಆ ಹಿರಿಯರಿಗೂ ಏನೋ ಕಾರಣ ಇರಬಹುದು.

ಸೊಸೆ: ಇರಬಹುದು ಸರ್. ನಾನು ಕೇಳಿಲ್ಲ. ಅದೇ ತಾಳ್ಮೆ.

ಅತ್ತೆ ತಲೆ ಆಡಿಸಿದರು. ಅಧ್ಯಕ್ಷರು ಇನ್ನೂ ಏನೂ ಹೇಳಿರಲಿಲ್ಲ.

ಮಾವ: ಇನ್ನೊಂದು ಸಾಮರ್ಥ್ಯ?

ಸೊಸೆ: ಜಗಳ ಬಗೆಹರಿಸ್ತೀನಿ. ಅದೇ ಹಿರಿಯರಿಗೆ ಕಿಟಕಿ ತೆಗೆದಿರಬೇಕು. ಇನ್ನೊಬ್ಬ ಹಿರಿಯರಿಗೆ ಮುಚ್ಚಿರಬೇಕು. ನಾನು ಅರ್ಧ ತೆಗೆದೆ.

ಮಾವ: ಬಗೆಹರಿಯಿತಾ?

ಸೊಸೆ: ಹರೀತು. ಈಗ ಇಬ್ಬರಿಗೂ ನನ್ನ ಮೇಲೆ ಸಿಟ್ಟು. ಅವರವರು ಚೆನ್ನಾಗಿದ್ದಾರೆ.

ಅತ್ತೆ: ಗಾಳಿ ಬಂದ್ರೆ ನನ್ನ ಮಂಡಿ ಹಿಡಿಯುತ್ತಮ್ಮ, ಅದಕ್ಕೆ...

ಮಾವ (ಲೋಟ ಬಾರಿಸಿ): ಮೆಂಬರಿನ ಮಂಡಿ ಇಲ್ಲಿ ಬೇಡ. ಈಗ ಮುಖ್ಯ ಪ್ರಶ್ನೆ. ನಿಮ್ಮ ದೌರ್ಬಲ್ಯ ಏನು?

ಸೊಸೆ: ಯಾರಿಗೂ ಆಗಲ್ಲ ಅನ್ನೋಕೆ ಬರಲ್ಲ.

ಮಾವ: ಉದಾಹರಣೆ?

ಸೊಸೆ: ಬೆಳಿಗ್ಗೆಯಿಂದ ಇಲ್ಲಿ ಬಾಗಿಲು ತಟ್ತಾ ಇದ್ದೀನಿ.

ಮಾವ: ತಪ್ಪು! ನಿಜವಾದ ದೌರ್ಬಲ್ಯ ಯಾರಾದ್ರೂ ಹೇಳ್ತಾರೇನೇ? 'ನಾನು ವಿಪರೀತ ಕೆಲಸ ಮಾಡ್ತೀನಿ, ಅದೇ ನನ್ನ ದೌರ್ಬಲ್ಯ' ಅನ್ನಬೇಕು. ಬೈದ ಹಾಗೂ ಇರಬೇಕು, ಹೊಗಳಿದ ಹಾಗೂ ಇರಬೇಕು.

ಸೊಸೆ: ಅದು ಸುಳ್ಳಲ್ವಾ?

ಮಾವ: ಸುಳ್ಳು ಅಂತ ಬೋರ್ಡಿಗೂ ಗೊತ್ತಿರುತ್ತೆ. ಬೋರ್ಡಿಗೆ ಗೊತ್ತು ಅಂತ ಅಭ್ಯರ್ಥಿಗೂ ಗೊತ್ತಿರುತ್ತೆ. ಇದಕ್ಕೇ ಇಂಟರ್ವ್ಯೂ ಅನ್ನೋದು. ಊರವರಿಗೆಲ್ಲ ನನ್ನ ಮಾತು ಬೇಕಾಗಿತ್ತು. ಮನೇಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ.

ಅವರು ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು. ದನಿ ತಗ್ಗಿಸಿದರು. ಇದು ಅವರ ಕೊನೆಯ ಪ್ರಶ್ನೆಯ ದನಿ. ಒಂದು ಕಾಲದಲ್ಲಿ ಈ ದನಿ ಕೇಳಿ ಎಷ್ಟೋ ಜನ ಬೆವರಿದ್ದರು.

ಮಾವ: ಎಲ್ಲ ಸರಿಯಮ್ಮ. ನೀವು ಕೆಲಸಕ್ಕೆ ಬಂದ್ರೆ ಮನೇಲಿ ಮಗೂನ ಯಾರು ನೋಡ್ಕೋತಾರೆ?

ಸೊಸೆ ಮೇಜಿನ ಮೇಲಿನ ಲೋಟ ನೋಡಿದಳು.

ಮಾವ: ಹೇಳಿ. ಮಧ್ಯಾಹ್ನ ಸ್ಕೂಲ್ ಬಿಡುತ್ತೆ. ಯಾರು ಕರ್ಕೊಂಡು ಬರ್ತಾರೆ? (ಹೆಂಡತಿಯ ಕಡೆ ತಿರುಗಿ, ಸಂತೋಷದಿಂದ) ನೋಡಿದ್ಯಾ? ಈ ಪ್ರಶ್ನೆಗೆ ಒಬ್ಬಳೂ ಪಾಸಾಗಿಲ್ಲ!

ಸೊಸೆ: ಹೋದ ಸಲದ ಇಂಟರ್ವ್ಯೂನಲ್ಲೂ ಇದನ್ನೇ ಕೇಳಿದ್ರು ಮಾವ.

ಮಾವ: ಯಾವಾಗ? ಹೋದ ಸಲ ಕೆಲಸ ಮೊದಲೇ ಯಾರಿಗೋ ಕೊಟ್ಟಾಗಿತ್ತು ಅಂದೆಯಲ್ಲ?

ಸೊಸೆ: ಹಾಗಂತ ಮನೇಲಿ ಹೇಳಿದೆ. ಅಲ್ಲಿ ಇದನ್ನೇ ಕೇಳಿದ್ರು. ನಿಮ್ಮ ಮಗನಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಅತ್ತೆಗೆ ಮಂಡಿ ನೋವು, ಈ ಮನೆಯ ಮೂರು ಮಹಡಿ ಇಳಿದು ಹತ್ತೋಕಾಗಲ್ಲ. ಏನು ಹೇಳಲಿ ಅಂತ ತೋಚದೆ ಸುಮ್ಮನೆ ಎದ್ದು ಬಂದೆ.

ಬಸ್ಸಿನಲ್ಲಿ ಅತ್ತು, ಮುಖ ತೊಳೆದುಕೊಂಡೇ ಅವಳು ಅವತ್ತು ಮನೆಗೆ ಬಂದಿದ್ದಳು. ಮಾವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಅತ್ತೆ ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟರು.

ಅತ್ತೆ: ರೀ, ಈ ಪ್ರಶ್ನೆ ಗಂಡಸರಿಗೂ ಕೇಳ್ತಿದ್ರಾ?

ಮಾವ: ಅವರಿಗ್ಯಾಕೆ? ಅವರ ಮನೇಲಿ ಹೆಂಡ್ತಿ ಇರ್ತಾಳಲ್ಲ.

ಅತ್ತೆ: ಹೆಂಗಸರ ಮನೇಲಿ ಯಾರಿರ್ತಾರೆ?

ಮಾವ: ಅದನ್ನ ಅಭ್ಯರ್ಥಿ ಹೇಳಬೇಕು.

ಅತ್ತೆ: ಇವಳ ಮನೇಲಿ ಒಬ್ಬರು ಕೋಟು ಹಾಕ್ಕೊಂಡು ಕೂತಿದ್ದಾರೆ.

ಮಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೇರೆ ಕೋಟು ಕಾಣಲಿಲ್ಲ. ಅತ್ತೆ ಅವರ ಕೈಯಿಂದ ಚಮಚ ತೆಗೆದುಕೊಂಡು ಲೋಟ ಬಾರಿಸಿದರು.

ಅತ್ತೆ: ಏಳಿ. ಆಚೆ ಹೋಗಿ ಬಾಗಿಲು ತಟ್ಟಿ ಬನ್ನಿ.

ಮಾವ: ಅಧ್ಯಕ್ಷರನ್ನೇ...

ಅತ್ತೆ: ಈಗ ನಾನು ನಿಮ್ಮ ಹೆಂಡ್ತಿ ಅಲ್ಲ. ಗಮನದಲ್ಲಿರಲಿ.

ಮಾವ ಎದ್ದರು. ಪೈಜಾಮ ಬೋರ್ಡಿನ ಗಮನಕ್ಕೆ ಬಂತು. ಆಚೆ ಹೋಗಿ ಬಾಗಿಲು ತಟ್ಟಿದರು. ಥೇಟ್ ಹಾಲಿನವನ ಹಾಗೇ ಇತ್ತು. ಒಳಗೆ ಬರುವಷ್ಟರಲ್ಲಿ ಅವರ ಕುರ್ಚಿಯಲ್ಲಿ ಸೊಸೆ ಇದ್ದಳು, ಎದುರಿನ ಖಾಲಿ ಕುರ್ಚಿಯಲ್ಲಿ ಕೂತರು.

ಸೊಸೆ: ಕೂತ್ಕೊಳ್ಳಿ ಅಂದಿಲ್ಲ ಸರ್.

ಮಾವ ಎದ್ದರು. ಕೂತ್ಕೊಳ್ಳಿ ಅಂದ ಮೇಲೆ ಕೂತರು.

ಮಾವ: ಈ ಕುರ್ಚಿ ಅಲ್ಲಾಡುತ್ತೆ.

ಅತ್ತೆ: ಕುಣಿಯೋಕೆ ಬಾರದವನಿಗೆ ನೆಲ ಡೊಂಕಂತೆ. ಕೆಲಸ ಕೇಳಿಸ್ಕೊಳ್ಳಿ. ಮಧ್ಯಾಹ್ನ ಪುಟ್ಟೀನ ಸ್ಕೂಲಿಂದ ಕರ್ಕೊಂಡು ಬರೋದು, ಹಾಲು ಕಾಯಿಸಿ ಕೊಡೋದು, ಇವಳು ಬರೋ ತನಕ ನೋಡ್ಕೊಳ್ಳೋದು. ನಿಮ್ಮ ಸಾಮರ್ಥ್ಯ?

ಮಾವ: ಶಿಸ್ತು. ಸಮಯಪ್ರಜ್ಞೆ. ಮುಂದಾಳತ್ವ.

ಸೊಸೆ: ಉದಾಹರಣೆ ಕೊಡಿ.

ಮಾವ ಕೋಟಿನ ಜೇಬು ತಡಕಿದರು.

ಅತ್ತೆ: ಹಾಲು ಉಕ್ಕಿದ್ರೆ ಏನು ಮಾಡ್ತೀರಿ?

ಮಾವ: ಕೂಗ್ತೀನಿ.

ಅತ್ತೆ: ಯಾರನ್ನ?

ಮಾವ: ನಿನ್ನನ್ನ.

ಅತ್ತೆ: ಅನುಭವ ಇಲ್ಲ ಅಂತಾಯ್ತು. ದೌರ್ಬಲ್ಯ?

ಮಾವ: ನಾನು ವಿಪರೀತ ಕೆಲಸ ಮಾಡ್ತೀನಿ.

ಬೋರ್ಡು ಅವರನ್ನೇ ನೋಡುತ್ತ ಕೂತಿತು. ಅವರನ್ನು ಯಾರೂ ಯಾವತ್ತೂ ಇಷ್ಟು ಹೊತ್ತು ನೋಡಿರಲಿಲ್ಲ. ಮಾವ ಕೋಟಿನ ಗುಂಡಿ ಬಿಚ್ಚಿದರು.

ಮಾವ: ನಿಜ ಹೇಳಬೇಕು ಅಂದ್ರೆ... ರಿಟೈರಾದ ಮೇಲೆ ನನ್ನನ್ನ ಯಾರೂ ಯಾವ ಕೆಲಸಕ್ಕೂ ಕರೆದಿಲ್ಲ. ಪುಟ್ಟಿ ಜೊತೆ ಹೇಗೆ ಮಾತಾಡಬೇಕು ಅಂತಾನೂ ಸರಿಯಾಗಿ ಗೊತ್ತಿಲ್ಲ. ಹೋದ ವಾರ ಅವಳಿಗೂ ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ ಅಂದುಬಿಟ್ಟೆ.

ಸೊಸೆ: ಏನಂದಳು?

ಮಾವ: ಹೇಳಿದಳು. ಇನ್ನೂ ಮುಗಿದಿಲ್ಲ.

ಅತ್ತೆ ಕಣ್ಣಂಚು ಒರೆಸಿಕೊಂಡರು. ಟವೆಲ್ ಹೇಗೂ ಮುಂದೆಯೇ ಇತ್ತು.

ಅತ್ತೆ: ಸರಿ. ನೀವಿನ್ನು ಹೊರಡಬಹುದು. ಆಮೇಲೆ ತಿಳಿಸ್ತೀವಿ.

ಮಾವ (ಗಾಬರಿಯಿಂದ): ಆಮೇಲೆ ತಿಳಿಸ್ತೀವಿ ಅಂದ್ರೆ ಇಲ್ಲ ಅಂತ ಅರ್ಥ! ನಾನೂ ಜನ್ಮವಿಡೀ ಅದನ್ನೇ ಹೇಳಿ ಕಳಿಸಿದ್ದೀನಿ. ಏನಾದ್ರೂ ಇದ್ರೆ ಈಗಲೇ ಹೇಳಿ. ಹಾಲು ಕಾಯಿಸೋದು ಕಲೀತೀನಿ.

ಬೋರ್ಡು ತಲೆಗೆ ತಲೆ ಕೊಟ್ಟು ಪಿಸುಗುಟ್ಟಿತು.

ಅತ್ತೆ: ಬೇರೆ ಅಭ್ಯರ್ಥಿ ಬಂದಿಲ್ಲ. ನಾಳೆಯಿಂದ ಹಾಜರಾಗಿ. ಪೈಜಾಮದಲ್ಲಿ ಬೇಡ.

ಮಾರನೆಯ ದಿನ ಸೊಸೆ ಆಸ್ಪತ್ರೆಯಿಂದ ಬಂದಾಗ ಮಾವನೇ ಬಾಗಿಲು ತೆಗೆದರು. ಹೆಗಲ ಮೇಲೆ ಪುಟ್ಟಿಯ ಸ್ಕೂಲ್ ಬ್ಯಾಗು, ಕೈಯಲ್ಲಿ ಹಾಲು ಒರೆಸಿದ ಬಟ್ಟೆ. ಮನೆಯೆಲ್ಲ ಸೀದ ಹಾಲಿನ ವಾಸನೆ. ಒಳಗೆ ಪುಟ್ಟಿ ಇನ್ನೂ ತನ್ನ ಬಗ್ಗೆ ಹೇಳುತ್ತಲೇ ಇದ್ದಳು.

ಮಾವ: ಏನಾಯ್ತು?

ಸೊಸೆ: ಒಂದನೇ ತಾರೀಖಿಂದ ಬನ್ನಿ ಅಂದ್ರು ಮಾವ.

ಮಾವ: ಆ ಪ್ರಶ್ನೆ?

ಸೊಸೆ: ಕೇಳಿದ್ರು. ಬೋರ್ಡು ಕೂರಿಸಿ, ಇಂಟರ್ವ್ಯೂ ಮಾಡಿ, ಮನೇಲಿ ಒಬ್ಬರನ್ನ ತಗೊಂಡಿದ್ದೀವಿ ಅಂದೆ. ಅನುಭವ ಇಲ್ಲ, ಆದ್ರೆ ತಮ್ಮ ದೌರ್ಬಲ್ಯ ತಾವೇ ಒಪ್ಕೊಂಡಿದ್ದಾರೆ ಅಂದೆ.

ಮಾವ: ಅದಕ್ಕೇನಂದ್ರು?

ಸೊಸೆ: ಅಲ್ಲಿನ ಬೋರ್ಡಿನ ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಹತ್ತಿರ ಬಗ್ಗಿದ್ರು. ಅವರ ಮನೇಲೂ ಒಂದು ಮಗು ಇದೆಯಂತೆ. ನಿಮ್ಮನ್ನ ಅಲ್ಲಿಗೆ ಕಳಿಸೋಕಾಗುತ್ತಾ ಅಂತ ಕೇಳಿದ್ರು.

ಮಾವನ ಬೆನ್ನು ನೆಟ್ಟಗಾಯಿತು. ಒಂದು ಕೈ, ಮೈಮೇಲೆ ಇಲ್ಲದ ಕೋಟಿನ ಗುಂಡಿ ಹುಡುಕಿತು.

ಮಾವ: ನೀನೇನಂದೆ?

ಸೊಸೆ: ಆಮೇಲೆ ತಿಳಿಸ್ತೀವಿ ಅಂದೆ.